ಹುಣಸೆ ಬೀಜದ ತೋಪು

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ನಾನು ಬರಿಗಾಲಲ್ಲಿ ಅಂಗಳಕ್ಕೆ ಇಳಿದು ನೆಲದ ತೇವ ನೋಡುತ್ತೇನೆ. ರಾತ್ರಿ ತುಂತುರು ಬಿದ್ದಿದ್ದರೆ ನೀರು ಕಡಿಮೆ ಚಿಮುಕಿಸಬೇಕು. ಇಲ್ಲವಾದರೆ ರಂಗೋಲಿ ಪುಡಿ ಒದ್ದೆಯಾಗಿ ಗೆರೆ ದಪ್ಪವಾಗುತ್ತದೆ. ಇದನ್ನು ಕಲಿಸಿದವರು ನಮ್ಮ ಅತ್ತೆ. ಕೋಲಾರದ ಕಾನ್ವೆಂಟಿನಲ್ಲಿ ಓದಿ ಮದುವೆಯಾಗಿ ಬಂದ ನನಗೆ ಆಗ ಬರುತ್ತಿದ್ದದ್ದು ಸ್ಕೇಲು ಇಟ್ಟು ಮಾರ್ಜಿನ್ ಎಳೆಯುವುದು, ನಕ್ಷೆಯ ನದಿಗಳಿಗೆ ನೀಲಿ ಬಣ್ಣ ಹಚ್ಚುವುದು. ಚುಕ್ಕಿ ಇಡಲು ಬರುತ್ತಿರಲಿಲ್ಲ. ಅತ್ತೆ ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು, "ಬೆರಳು ಬಿಗಿ ಹಿಡೀಬೇಡ ಕಣೇ, ಪುಡಿ ತಾನೇ ಇಳೀಲಿ" ಎಂದಿದ್ದರು. ಅವರು ತೀರಿಕೊಂಡು ವರ್ಷಗಳಾದವು. ರಂಗೋಲಿ ಪುಡಿಯ ತೆಂಗಿನ ಚಿಪ್ಪು ಮಾತ್ರ ಇನ್ನೂ ಅದೇ.

ಶ್ರಾವಣದ ಆ ಬೆಳಿಗ್ಗೆಯೂ ಸಾರಿಸಿದ ನೆಲ ಇನ್ನೂ ಹಸಿಯಿತ್ತು. ನಾನು ಮೊದಲ ಚುಕ್ಕಿ ಇಡುವಷ್ಟರಲ್ಲಿ ಮಾವ ಟವೆಲನ್ನು ತಲೆಗೆ ಸುತ್ತಿಕೊಂಡು ಹೊರಗೆ ಬಂದು ಜಗಲಿಯ ಮೇಲೆ ಕೂತರು.

"ಅಮ್ಮಣ್ಣಿ, ಇವತ್ತು ಬಾಗಿಲ ಮುಂದೆ ಒಂದು ಸಣ್ಣದು ಹಾಕು ಸಾಕು. ಅಂಗಳ ನನಗೆ ಬೇಕು. ಪುಡೀನೂ ಸ್ವಲ್ಪ ಮಿಗಿಸು."

ಯಾಕೆಂದು ನಾನು ಕೇಳಲಿಲ್ಲ. ಆ ದಿನ ಮಕ್ಕಳು ಮೂವರನ್ನೂ ಕೂರಿಸಿಕೊಂಡು ಜಮೀನಿನ ಮಾತು ಮುಗಿಸುತ್ತೇನೆಂದು ಮಾವ ಹೇಳಿ ಹದಿನೈದು ದಿನವಾಗಿತ್ತು. ಆಷಾಢ ಕಳೆಯಲೆಂದು ಕಾದಿದ್ದರು.

ವಕ್ಕಲೇರಿಯಿಂದ ಸ್ವಲ್ಪ ಒಳಗಿದೆ ನಮ್ಮೂರು. ಮಾವನ ತಾತನ ಕಾಲದಿಂದ ಬಂದ ಜಮೀನು ಒಂದೇ ಹರವಿನಲ್ಲಿದೆ. ರಸ್ತೆಯ ಪಕ್ಕ ಮಳೆ ನಂಬಿದ ಖುಷ್ಕಿ, ಕೆರೆಯ ಕಡೆ ರಾಗಿ ಹೊಲ, ನಡುವೆ ಬಾವಿ, ಬಾವಿಯ ಸುತ್ತ ಹಿಪ್ಪುನೇರಳೆ. ಇದೆಲ್ಲದರ ಹಿಂದೆ ಹಳೆಯ ಮಾವಿನ ತೋಪು. ದೊಡ್ಡ ಮಗ ನನ್ನ ಯಜಮಾನರು, ಅಪ್ಪನ ಜೊತೆ ಬೇಸಾಯ ನೋಡುತ್ತಾರೆ. ಎರಡನೆಯವನು ನನ್ನ ಮೈದುನ, ಮಾಲೂರಿನಲ್ಲಿ ಇಟ್ಟಿಗೆ ಗೂಡು ಇಟ್ಟುಕೊಂಡು ಅಲ್ಲೇ ಸಂಸಾರ ಮಾಡಿದ್ದಾನೆ. ಮೂರನೆಯವಳು ನಾದಿನಿ, ಟೇಕಲ್ಲಿಗೆ ಕೊಟ್ಟಿರುವವಳು.

ನನಗಿರುವುದು ಒಬ್ಬಳೇ ಮಗಳು. ರೇಷ್ಮೆ ಹುಳು ಸಾಕುವುದು ಅವಳೇ. ಡಿಗ್ರಿ ಮುಗಿಸಿ ಮನೆಯಲ್ಲಿದ್ದಾಗ ಸುಮ್ಮನೆ ಕೈ ಹಾಕಿದ ಕೆಲಸ, ಈಗ ಅವಳಿಗೆ ಬೇರೆ ಯಾವುದೂ ರುಚಿಸುವುದಿಲ್ಲ. ಬಾವಿಯ ಪಕ್ಕ ಹುಳುಮನೆ ಕಟ್ಟಿಸಿದ್ದಾಳೆ. ಒಳಗೆ ಹೋಗಬೇಕಾದರೆ ತಾತನಾದರೂ ಸರಿ, ಕಾಲು ತೊಳೆದೇ ಹೋಗಬೇಕು. ಹುಳುಗಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಸೊಪ್ಪು ಮೇಯತೊಡಗಿದರೆ, ಪಕ್ಕದ ಕೋಣೆಯಲ್ಲಿ ಯಾರೋ ಬಿಡುವಿಲ್ಲದೆ ಕಾಗದ ಮಡಚುತ್ತಿರುವಂತೆ ಸದ್ದಾಗುತ್ತದೆ. ಆ ದಿನಗಳಲ್ಲಿ ಅವಳಿಗೆ ನಿದ್ದೆಯೂ ಇಲ್ಲ, ನಮ್ಮ ಮಾತೂ ಕಿವಿಗೆ ಬೀಳುವುದಿಲ್ಲ.

ಆ ಬಾವಿಯ ಕಡೆಯ ನೆಲವೇ ನನಗಿದ್ದ ಚಿಂತೆ. ಯುಗಾದಿಗೆ ಬಂದಾಗ ಮೈದುನ ಊಟ ಮಾಡುತ್ತಾ, "ಪಾಲಾಗೋದಾದ್ರೆ ಬಾವಿ ಕಡೆ ನನಗಿರ್ಲಪ್ಪ. ಗೂಡಿಗೆ ನೀರಿನ ಪರದಾಟ ತಪ್ಪುತ್ತೆ, ಇಲ್ಲೇ ಇನ್ನೊಂದು ಗೂಡು ಹಾಕ್ಬೋದು" ಎಂದಿದ್ದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನನ್ನ ಕೈಯ ಹೋಳಿಗೆ ಅವನ ಎಲೆಗೆ ಬೀಳುತ್ತಿದ್ದಾಗಲೇ ಹೇಳಿದ್ದು. ಆದರೆ ನಮ್ಮ ಮನೆಯಲ್ಲಿ ಪಾಲಿಗೊಂದು ಪದ್ಧತಿ ಇದೆ. ದೊಡ್ಡವನು ಗೆರೆ ಎಳೆಯಬೇಕು, ಚಿಕ್ಕವನು ಮೊದಲು ತನಗೆ ಬೇಕಾದ ಪಾಲು ಆರಿಸಿಕೊಳ್ಳಬೇಕು, ಗೆರೆ ಎಳೆದವನಿಗೆ ಉಳಿದದ್ದು. ಹಾಗಿದ್ದರೆ ಗೆರೆ ಎಳೆಯುವವನ ಕೈ ಯಾವ ಕಡೆಗೂ ವಾಲುವುದಿಲ್ಲ. ಮಾವನೂ ಅವರ ತಮ್ಮನೂ ಹಾಗೆಯೇ ಪಾಲಾದವರು. ಒಳ್ಳೆಯ ಪದ್ಧತಿಯೇ. ಆದರೆ ಅದರ ಪ್ರಕಾರ ಮೈದುನ ಮೊದಲು ಕೈ ಇಟ್ಟರೆ ನನ್ನ ಮಗಳ ಸೊಪ್ಪು, ಹುಳುಮನೆ ಎಲ್ಲ ಅವನ ಗೆರೆಯೊಳಗೆ ಹೋಗುತ್ತಿತ್ತು. ನನ್ನ ಯಜಮಾನರಿಗೂ ಇದು ಗೊತ್ತಿತ್ತು. "ಅಪ್ಪ ಹೇಳ್ದಂಗೆ ಆಗ್ಲಿ" ಎಂದಷ್ಟೇ ಹೇಳಿ ಮಗ್ಗುಲಾಗಿದ್ದರು.

ನಾದಿನಿ ಒಂಬತ್ತರ ಹೊತ್ತಿಗೆ ಬಂದಳು. ಟೇಕಲ್ಲಿನಿಂದ ಮಾಲೂರಿನ ತನಕ ಟ್ರೈನು, ಅಲ್ಲಿಂದ ಅಣ್ಣನ ಬೈಕಿನ ಹಿಂದೆ. ತಲೆಯ ಮಲ್ಲಿಗೆಯಲ್ಲಿ ಇಟ್ಟಿಗೆಯ ಕೆಂಪು ಧೂಳು ಕೂತಿತ್ತು. ಬಂದವಳೇ ಕಾಲು ತೊಳೆದು ಅಡುಗೆಮನೆಯಲ್ಲಿ ನನ್ನ ಪಕ್ಕ ಕೂತು, ಯಾರೂ ಹೇಳದೆ ಬೆಳ್ಳುಳ್ಳಿ ಬಿಡಿಸತೊಡಗಿದಳು.

"ಅತ್ತಿಗೆ, ಒಗ್ಗರಣೆ ಸೀದು ಹೋಗ್ತಾ ಇದೆ."

ನಾನು ಬಾಣಲಿ ಇಳಿಸಿದೆ. ಕರಿಬೇವು ಕಪ್ಪಾಗಿತ್ತು.

"ಬಾವಿ ಕಡೆ ಯಾರು ಕೇಳ್ತಾ ಇದಾರೆ?" ಎಂದು ಕೇಳಿದಳು. ನನ್ನ ಮುಖ ನೋಡದೆ, ಬೆಳ್ಳುಳ್ಳಿ ನೋಡುತ್ತಲೇ ಕೇಳಿದ್ದು.

"ನಿಮ್ಮ ಚಿಕ್ಕಣ್ಣ."

"ಹೂಂ" ಎಂದಳು. ಒಂದು ಎಸಳು ಬಿಡಿಸಿ ಉಗುರಿನಿಂದ ಸಿಪ್ಪೆ ತೆಗೆದು ತಟ್ಟೆಗೆ ಹಾಕಿದಳು.

ನಾದಿನಿಯನ್ನು ಕರೆದುಕೊಂಡು ನಾನು ಹೊರಗೆ ಕಾಫಿ ತರುವ ಹೊತ್ತಿಗೆ ಅಂಗಳದ ತುಂಬ ನಮ್ಮ ಜಮೀನಿತ್ತು. ಮಾವ ಕುಕ್ಕರಗಾಲಲ್ಲಿ ಕೂತು ರಂಗೋಲಿ ಪುಡಿಯಲ್ಲಿ ಎಲ್ಲೆ ಎಳೆದಿದ್ದರು. ಅತ್ತೆಯ ಚಿಪ್ಪನ್ನು ಖಾಲಿ ಮಾಡಿ ಬಾವಿ ಇರುವ ಕಡೆ ಬೋರಲು ಹಾಕಿದ್ದರು. ಕೆರೆಯ ಕಡೆ ಒಂದು ಹಿಡಿ ರಾಗಿ ಚೆಲ್ಲಿದ್ದರು, ಅದಕ್ಕಾಗಲೇ ಒಂದು ಕೋಳಿ ಹೊಂಚು ಹಾಕುತ್ತಿತ್ತು. ಹಿಂದೆ ತೋಪು. ಅದಕ್ಕೆ ಹುಣಸೆ ಬೀಜಗಳು, ಸಾಲಾಗಿ. ಕೆಲವು ಬೀಜಗಳ ಒಂದು ಮಗ್ಗುಲು ಬಿಳಿ. ಚೌಕಾಬಾರ ಆಡಲು ಕಲ್ಲಿಗೆ ಉಜ್ಜಿಟ್ಟಿದ್ದ ಬೀಜಗಳವು, ಅತ್ತೆಯ ಡಬ್ಬಿಯಿಂದ ತೆಗೆದದ್ದು.

ಆ ಬಿಳಿ ಬೀಜಗಳು ಹೆಣ್ಣುಮಕ್ಕಳ ಮರಗಳೆಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಈ ಮನೆಯ ಹೆಣ್ಣುಮಗಳು ಮದುವೆಯಾಗಿ ಹೋದಾಗ ತೋಪಿನಲ್ಲಿ ಒಂದು ಮರ ಅವಳದಾಗುತ್ತದೆ. ನೆಲವಲ್ಲ, ಮರ. ಅವಳನ್ನು ಯಾವ ಊರಿಗೆ ಕೊಟ್ಟರೋ ಆ ಊರಿನ ಹೆಸರು ಮರಕ್ಕೆ ಬರುತ್ತದೆ. ಮುಳಬಾಗಿಲು ಮರ, ಮಾಲೂರು ಮರ, ಶ್ರೀನಿವಾಸಪುರದ ಮರ. ತೋಪಿನ ಫಸಲನ್ನು ಹಣ್ಣಿನ ವ್ಯಾಪಾರದ ಸಾಬರಿಗೆ ಗುತ್ತಿಗೆ ಕೊಡುವಾಗಲೂ ಆ ಮರಗಳನ್ನು ಬಿಟ್ಟೇ ಮಾತಾಡುವುದು. ಹಣ್ಣಿನ ಕಾಲಕ್ಕೆ ಬುಟ್ಟಿಗೆ ಹುಲ್ಲು ಹಾಸಿ, ಆಯಾ ಮರದ ಕಾಯಿ ತುಂಬಿ, ಗೋಣಿಯಿಂದ ಮುಚ್ಚಿ ಬಾಯಿ ಹೊಲಿದು ಬಸ್ಸಿಗೆ ಹಾಕುತ್ತೇವೆ. ಹೊಲಿಯುವುದು ಪಕ್ಕದ ಮನೆಯ ಅಕ್ಕ, ಅವಳ ಬಳಿ ಒಳ್ಳೆಯ ದಬ್ಬಳವಿದೆ. ಪ್ರತಿ ವರ್ಷ ಬೆರಳು ಚುಚ್ಚಿಸಿಕೊಂಡು ನಮ್ಮ ಮನೆಯ ಹೆಣ್ಣುಮಕ್ಕಳನ್ನೆಲ್ಲ ಬೈಯುತ್ತಾಳೆ. ಮಾವನ ಸೋದರತ್ತೆಯರಲ್ಲಿ ಈಗ ಯಾರೂ ಉಳಿದಿಲ್ಲ, ಆದರೂ ಬುಟ್ಟಿ ಅವರ ಮಕ್ಕಳಿಗೆ ಹೋಗುತ್ತದೆ. ಮಾವಿಗೇ ಹೆಸರಾದ ಶ್ರೀನಿವಾಸಪುರಕ್ಕೂ ನಾವು ಮಾವು ಕಳಿಸುತ್ತೇವೆ. ಅವರು ನಗುತ್ತಾರೆ, ಒಂದು ವರ್ಷ ತಡವಾದರೆ ಫೋನೂ ಮಾಡುತ್ತಾರೆ.

ನನ್ನ ಮಗಳಿಗೆ ಇನ್ನೂ ಮರವಿಲ್ಲ. ಊರು ಗೊತ್ತಾಗದೆ ಮರಕ್ಕೆ ಹೆಸರಿಡುವುದು ಹೇಗೆ?

"ನೋಡ್ರಪ್ಪ" ಎಂದು ಮಾವ ಶುರು ಮಾಡಿದರು. "ನಾನು ಹೋದ ಮೇಲೆ ಏನು ಅನ್ನೋ ಮಾತಲ್ಲ ಇದು. ನೀವೂ ಹೋದ ಮೇಲೆ ಏನು ಅಂತ."

"ಕಾಫಿನೂ ಕುಡಿಸದೆ ಎಲ್ಲರನ್ನೂ ಮೇಲಕ್ಕೆ ಕಳಿಸ್ತಾ ಇದೀಯಲ್ಲಪ್ಪ" ಎಂದ ಮೈದುನ, ಲೋಟಕ್ಕೆ ಕೈ ಚಾಚುತ್ತಾ.

"ಕುಡಿಯೋ. ಕುಡಿದು ಕೇಳು." ಮಾವ ಕಡ್ಡಿಯಿಂದ ತೋಪಿನ ಸುತ್ತ ಇನ್ನೊಂದು ಗೆರೆ ಎಳೆದರು. "ತೋಪು ಪಾಲಾಗಂಗಿಲ್ಲ. ಇದನ್ನ ಪಟ್ಟಿ ಪಟ್ಟಿ ಮಾಡಿದ್ರೆ ಒಬ್ಬ ಬೇಲಿ ಹಾಕ್ತಾನೆ, ಒಬ್ಬ ಕಡಿಸ್ತಾನೆ. ಎಲ್ಲರ ಹೆಸರಲ್ಲೂ ಒಂದಾಗೇ ಇರ್ಲಿ. ಎಲ್ಲಿ ಮರ ಬಿತ್ತೋ ಆ ಮಳೇಲೇ ಅಲ್ಲಿ ಸಸಿ. ತೋಪಿನ ಹಿಂದಿನ ನೀರಿನ ಕುಂಟೆ ಬೇಸಿಗೇಲಿ ಹೂಳು ತೆಗೀಬೇಕು. ಯಾರಾದ್ರೂ ತಮ್ಮ ಪಾಲು ಮಾರೋದಾದ್ರೆ ಮೊದಲು ಮನೆಯೋರನ್ನ ಕೇಳ್ಬೇಕು. ಇಷ್ಟನ್ನ ಕಾಗದದಲ್ಲಿ ಬರೆಸ್ತೀನಿ. ನಿಮ್ಮ ಮೊಮ್ಮಕ್ಕಳು ಬಂದು ನಿಂತ್ರೆ ಅವರಿಗೆ ನೆರಳಿರ್ಬೇಕು, ಅಷ್ಟೇ ನನ್ನ ಲೆಕ್ಕ."

ಕೋಳಿ ಅಷ್ಟರಲ್ಲಿ ರಾಗಿ ಹೊಲಕ್ಕೆ ನುಗ್ಗಿತು. ನನ್ನ ಯಜಮಾನರು ಹುಶ್ ಎಂದು ಓಡಿಸಿದರು.

ಆಗಲೇ ನನ್ನ ಮಗಳು ತಲೆಯ ಮೇಲೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬಂದಳು. ಅಂಗಳದ ಅಂಚಿನಲ್ಲಿ ನಿಂತು ನೆಲವನ್ನೇ ನೋಡಿದಳು. ಹೊರೆಯ ಕೆಳಗಿನಿಂದ ಬೆವರು ಅವಳ ಕಿವಿಯ ಪಕ್ಕ ತೊಟ್ಟಿಕ್ಕುತ್ತಿತ್ತು.

"ತಾತ, ಬಾವಿ ಅಷ್ಟು ಮೂಲೇಲಿಲ್ಲ. ಇನ್ನೂ ಕೆರೆ ಕಡೆಗೆ ಬರುತ್ತೆ."

ಮಾವ ಚಿಪ್ಪನ್ನು ಸರಿಸಿದರು. "ಇಲ್ಲಿಗಾ?"

"ಇನ್ನೊಂದು ಚೂರು. ಹಾಂ." ಎಲ್ಲೆಯ ಗೆರೆ ತುಳಿಯದೆ ಸುತ್ತಿ ಬಳಸಿ ಹೊರಟಳು. "ಅತ್ತೆ, ಯಾವಾಗ ಬಂದ್ರಿ? ಹುಳುಗೆ ಸೊಪ್ಪು ಹಾಕ್ಬಿಟ್ಟು ಬರ್ತೀನಿ, ಹೋಗ್ಬಿಟ್ಟೀರ" ಎಂದು ತಿರುಗಿ ನೋಡದೆಯೇ ಹೇಳಿದಳು. ಅವಳ ಹೊರೆಯಿಂದ ಉದುರಿದ ಒಂದು ಎಲೆ ಚಿಪ್ಪಿನ ಪಕ್ಕ ಬಿತ್ತು. ಅದನ್ನು ಯಾರೂ ಎತ್ತಲಿಲ್ಲ. ನಾನು ಖಾಲಿ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಬಾವಿ ಕಡೆ ಮಗಳಿಗೇ ಇರಲಿ ಎನ್ನಬೇಕೆನಿಸಿತ್ತು. ಆದರೆ ಮಾವನ ಮುಂದೆ, ಗಂಡಸರು ಕೂತು ಮಾತಾಡುವಾಗ ನಾನಾಗಿ ಬಾಯಿ ಹಾಕಿದ್ದು ಎಂದೂ ಇಲ್ಲ.

"ದೊಡ್ಡೋನೇ, ಗೆರೆ ಹಾಕು" ಎಂದರು ಮಾವ.

ಯಜಮಾನರು ಕಡ್ಡಿ ತೆಗೆದುಕೊಂಡರು. "ಎರಡಾ?"

"ಮೂರು. ನಿನ್ನ ತಂಗೀದೂ ಸೇರಿಸಿ. ಹೆಣ್ಣುಮಕ್ಕಳಿಗೂ ಪಾಲು ಅಂತ ಕಾನೂನು ಬಂದು ಎಷ್ಟು ಕಾಲ ಆಯ್ತು. ಆಮೇಲೆ ಬೇಡ ಅಂತ ರುಜು ಹಾಕಿದ್ರೆ ಅದು ಅವಳಿಷ್ಟ."

ಮೈದುನ ತಂಗಿಯ ಕಡೆ ತಿರುಗಿ ನಕ್ಕ. ಹೆಣ್ಣುಮಕ್ಕಳು ಸೀರೆ ಬಳೆ ತೆಗೆದುಕೊಂಡು ಹಕ್ಕು ಬಿಟ್ಟು ರುಜು ಹಾಕುವುದು ನಮ್ಮ ಕಡೆ ಇವತ್ತಿಗೂ ನಡೆಯುತ್ತದೆ. "ಸೀರೆ ತಂದಿದೀನಿ ಕಣೇ. ನಿಮ್ಮ ಮಾಲೂರು ಅತ್ತಿಗೇನೇ ಆರಿಸಿದ್ದು. ಹಸಿರು, ಕೆಂಪು ಅಂಚು."

"ತಾ ಮತ್ತೆ, ಉಟ್ಕೋತೀನಿ. ಸೀರೆನೂ ಬೇಕು, ಪಾಲೂ ಬೇಕು" ಎಂದಳು ನಾದಿನಿ.

ಯಜಮಾನರು ಗೆರೆ ಎಳೆಯಲು ಬಹಳ ಹೊತ್ತು ತೆಗೆದುಕೊಂಡರು. ಎಳೆದು, ಎದ್ದು ನಿಂತು ನೋಡಿ, ಕೈಯಿಂದ ಒರೆಸಿ ಮತ್ತೆ ಎಳೆದರು. ಬಾವಿಯ ಪಾಲನ್ನು ಚಿಕ್ಕದು ಮಾಡಿದರು, ನೀರಿದೆಯಲ್ಲ ಅದಕ್ಕೆ. ರಸ್ತೆಯ ಪಾಲನ್ನು ಸ್ವಲ್ಪ ದೊಡ್ಡದು ಮಾಡಿದರು. ಕೆರೆಯ ಕಡೆಯದ್ದು ಎಲ್ಲಕ್ಕಿಂತ ದೊಡ್ಡದಾಯಿತು. ಹಿಪ್ಪುನೇರಳೆ ಪೂರ್ತಿ ಬಾವಿಯ ಜೊತೆಗೇ ಉಳಿಯುವ ಹಾಗೆ ಗೆರೆಯನ್ನು ಒಂದು ಕಡೆ ಬಗ್ಗಿಸಿದರು. ಅಷ್ಟು ಮಾತ್ರ ಅವರು ಮಗಳಿಗಾಗಿ ಮಾಡಿದ್ದು ಎಂದು ನನಗೆ ಗೊತ್ತಾಯಿತು. ಯಾರ ಕೈಗೆ ಹೋದರೂ ತೋಟ ಎರಡು ತುಂಡಾಗದಿರಲಿ ಎಂದು.

ಮೈದುನ ಲೋಟ ಕೆಳಗಿಟ್ಟು ಎದ್ದ. "ಸರಿ. ನಾನು ಬಾವಿ ಕಡೆ..."

"ತಡಿಯೋ ಚಿಕ್ಕಣ್ಣ" ಎಂದಳು ನಾದಿನಿ. "ಮೂರು ಪಾಲು ಅಂದ್ರೆ ಚಿಕ್ಕೋಳು ನಾನಲ್ವಾ?"

ಮಾವನ ಮುಖ ನೋಡಿದರೆ ಅವರೂ ಇದನ್ನು ಯೋಚಿಸಿರಲಿಲ್ಲವೆಂದು ತಿಳಿಯುತ್ತಿತ್ತು. ಇಷ್ಟು ತಲೆಮಾರು ಗಂಡುಮಕ್ಕಳನ್ನೇ ಹಿರಿಯ ಕಿರಿಯ ಎಂದು ಎಣಿಸಿ ಅಭ್ಯಾಸ. ಕಾನೂನು ನೆನೆದು ಮಗಳನ್ನೂ ಪಾಲಿಗೆ ಸೇರಿಸಿದವರು, ಪದ್ಧತಿಯ ಸರದಿಯಲ್ಲಿ ಅವಳೇ ಮೊದಲಾಗುತ್ತಾಳೆ ಎಂಬುದನ್ನು ಮರೆತೇಬಿಟ್ಟಿದ್ದರು. ಎಲ್ಲರೂ ಮರೆತಿದ್ದೆವು, ನಾನೂ.

ನಾದಿನಿ ಸೆರಗು ಸಿಕ್ಕಿಸಿಕೊಂಡು ಗೆರೆಯೊಳಗೆ ಕಾಲಿಟ್ಟು ಬಗ್ಗಿ ತೆಂಗಿನ ಚಿಪ್ಪನ್ನು ಎತ್ತಿಕೊಂಡಳು. "ಬಾವಿ ಕಡೆ ನನ್ನದು."

"ಟೇಕಲ್ಲಿಂದ ದಿನಾ ಟ್ರೈನಲ್ಲಿ ಬಂದು ಸೊಪ್ಪು ಕೊಯ್ತೀಯೇನೇ?" ಎಂದ ಮೈದುನ. ನಗುತ್ತಲೇ ಕೇಳಿದ್ದು, ಆದರೆ ಬೈಕಿನ ಕೀಯನ್ನು ಬೆರಳಿಗೆ ಸುತ್ತಿಸುತ್ತಿದ್ದ ಕೈ ನಿಂತುಹೋಗಿತ್ತು.

"ನಾನ್ಯಾಕೆ ಕೊಯ್ಲಿ? ಕೊಯ್ಯೋಳು ಈಗ ತಾನೇ ಹೊರೆ ಹೊತ್ಕೊಂಡು ಹೋಗ್ಲಿಲ್ವಾ?" ಅವಳು ಅಪ್ಪನ ಎದುರು ಕೂತಳು. "ಅಪ್ಪಯ್ಯ, ನನ್ನ ಹುಡುಗ್ರಿಗೆ ಟೇಕಲ್ಲಲ್ಲಿ ಇರೋದನ್ನೇ ನೋಡ್ಕೊಳ್ಳೋಕೆ ಆಗ್ತಿಲ್ಲ. ಈ ಪಾಲನ್ನ ನನ್ನ ಹೆಸರಿಗೆ ಬರೆದು, ನನ್ನಿಂದ ದೊಡ್ಡಣ್ಣನ ಮಗಳ ಹೆಸರಿಗೆ ಬರೆಸ್ಬಿಡು. ಹುಡುಗ್ರಿಗೂ ನಮ್ಮ ಮನೆಯೋರಿಗೂ ಹೇಳೇ ಬಂದಿದೀನಿ, ನನ್ನ ಪಾಲು ನನ್ನಿಷ್ಟ ಅಂತ."

"ಅತ್ತಿಗೆ ನಾದಿನಿ ಮೊದಲೇ ಮಾತಾಡ್ಕೊಂಡಿದೀರಾ?" ಎಂದು ಮೈದುನ ನನ್ನ ಕಡೆ ನೋಡಿದ.

"ಇಲ್ಲಪ್ಪ" ಎಂದೆ.

"ಬೆಳ್ಳುಳ್ಳಿ ಬಿಡಿಸ್ತಾ ಗೊತ್ತಾಯ್ತು" ಎಂದಳು ನಾದಿನಿ. "ಅಮ್ಮ ಹೋದ ಮೇಲೆ ಬರ್ತಾ ಇರೋದು ನಾನು ಯಾರಿಗೋಸ್ಕರ? ಅತ್ತಿಗೆ ಇದಾಳೆ ಅಂತ. ಅತ್ತಿಗೆ ಆದ ಮೇಲೆ? ಮುದುಕಿಯಾಗಿ ನಾನು ಬಂದಾಗ, ಬಾ ಅತ್ತೆ, ಕಾಲು ತೊಳಿ ಅನ್ನೋಕೆ ಒಬ್ಬಳು ಇರ್ಬೇಕೋ ಬೇಡ್ವೋ? ಇಟ್ಟಿಗೆ ಗೂಡು ಅನ್ನುತ್ತಾ?"

ಮೈದುನ ತಲೆ ಕೆರೆದುಕೊಂಡ. ಜಗಲಿಯ ಮೇಲೆ ಕೂತ, ಎದ್ದ, ಮತ್ತೆ ಕೂತ. ಕೊನೆಗೆ, "ನೀರಿಗೇನು ಮಾಡ್ಲಿ ನಾನು?" ಎಂದ, ಚಿಕ್ಕವನಾಗಿದ್ದಾಗಲೂ ಹೀಗೆಯೇ ಕೇಳುತ್ತಿದ್ದನೇನೋ ಎಂಬಂತೆ.

"ಇವಳನ್ನ ಕೇಳು, ಕೊಡ್ತಾಳೆ. ಕಾಲು ತೊಳೆದು ಹೋಗಿ ಕೇಳು."

ಅದಕ್ಕೆ ಮಾವ ನಕ್ಕರು. ಅವರು ನಕ್ಕ ಮೇಲೆ ಮೈದುನನೂ ನಕ್ಕ. "ರಸ್ತೆ ಪಕ್ಕಾನೇ ವಾಸಿ ಬಿಡು, ಲಾರಿ ತಿರುಗಿಸ್ಬೋದು" ಎಂದು ತನ್ನ ಕಾಲ ಹೆಬ್ಬೆರಳಿನಿಂದ ಆ ಪಾಲಿನ ಮೇಲೆ ಒಂದು ಗುರುತು ಹಾಕಿದ. ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದ. ಅವನ ಮನಸ್ಸಿಗೆ ಸ್ವಲ್ಪವೂ ಬೇಸರವಾಗಲಿಲ್ಲವೆಂದು ನಾನು ಬರೆಯಲಾರೆ. ಮಧ್ಯಾಹ್ನ ಊಟಕ್ಕೆ ಅವನಿಗೆ ಮುದ್ದೆಯ ಮೇಲೆ ತುಪ್ಪ ಸ್ವಲ್ಪ ಹೆಚ್ಚೇ ಹಾಕಿದೆ. ಅವನು ನೋಡಿದ, ಮುದ್ದೆ ಮುರಿದು ತಿಂದ.

ಕೆರೆಯ ಕಡೆಯ ರಾಗಿ ಹೊಲ ನಮಗೆ ಉಳಿಯಿತು. ಯಜಮಾನರು ಕಡ್ಡಿ ಬಿಸಾಕಿ ಕೈಯ ಪುಡಿ ಕೊಡವಿಕೊಂಡರು. ಹಾಗೆ ಕೊಡವಿಕೊಳ್ಳುವಾಗ ಒಂದು ಸಲ ನನ್ನ ಕಡೆ ನೋಡಿದರು.

ಊಟದ ಹೊತ್ತಿಗೆ ನಾದಿನಿಯೇ ಹುಳುಮನೆಗೆ ಹೋಗಿ ಮಗಳಿಗೆ ವಿಷಯ ಹೇಳಿದಳಂತೆ. ಅವಳು ಏನಂದಳು ಎಂದು ಕೇಳಿದೆ. "ಏನಂತಾಳೆ, ಅತ್ತೆ ಒಂದು ನಿಮಿಷ ಆ ತಟ್ಟೆ ಹಿಡ್ಕೊಳ್ಳಿ ಅಂದ್ಲು. ಹಿಡ್ಕೊಂಡೆ. ಆಮೇಲೆ ನೋಡಿದ್ರೆ ಮೂಗು ಒರೆಸ್ಕೋತಾ ಇದಾಳೆ" ಎಂದಳು.

ಸಂಜೆ ಅಣ್ಣ ತಂಗಿ ಹೊರಟರು. ಸೀರೆಯ ಪೊಟ್ಟಣ ಅವಳ ತೊಡೆಯ ಮೇಲಿತ್ತು. ಬೈಕು ತಿರುವಿನಲ್ಲಿ ಮರೆಯಾದ ಮೇಲೆ ಮಾವ ಮತ್ತೆ ಅಂಗಳಕ್ಕೆ ಬಂದು ತೋಪಿನ ಮುಂದೆ ಕೂತರು. ಬಾವಿಗೆ ಹತ್ತಿರದ ಸಾಲಿನಿಂದ ಒಂದು ಕಪ್ಪು ಬೀಜವನ್ನು ಎತ್ತಿಕೊಂಡು ಜಗಲಿಯ ಕಲ್ಲಿಗೆ ಉಜ್ಜತೊಡಗಿದರು. ಆ ಕಲ್ಲಿನ ಆ ಮೂಲೆ ಮೊದಲೇ ನುಣ್ಣಗಾಗಿದೆ, ಅತ್ತೆಯೂ ಅಲ್ಲೇ ಉಜ್ಜುತ್ತಿದ್ದರು. ಸಿಪ್ಪೆ ಸವೆದು ಬಿಳಿ ಕಾಣುವ ತನಕ ಉಜ್ಜಿ, ಊದಿ, ಬಿಳಿ ಮಗ್ಗುಲು ಮೇಲಾಗಿ ಅದೇ ಜಾಗದಲ್ಲಿ ಇಟ್ಟರು.

ಸೊಪ್ಪಿನ ಕಲೆಯ ಕೈ ತೊಳೆದುಕೊಂಡು ಬಂದ ಮಗಳು ಬಾಗಿಲಲ್ಲಿ ನಿಂತಿದ್ದಳು. "ಯಾವೂರ ಮರ ತಾತ ಅದು?"

"ನಮ್ಮೂರ ಮರ" ಎಂದರು ಮಾವ.

"ನಾಳೆ ನೀವು ಎಲ್ಲಿಗಾದ್ರೂ ಕೊಟ್ರೆ?"

"ಕೊಟ್ರೆ ಹೋಗು, ಬಾ. ಮರದ ಹೆಸರು ಇದೇ."

ಅವಳು ತಾತನ ಪಕ್ಕ ಬಗ್ಗಿ, ಬೀಜವನ್ನು ಬೆರಳ ತುದಿಯಿಂದ ಕೂದಲೆಳೆಯಷ್ಟು ಸರಿಸಿದಳು. ಆ ಮರ ಇರುವುದು ಅಲ್ಲೇ ಎಂದು ಅವಳಿಗೆ ಗೊತ್ತು. ಮಾವ ನನಗೆ, "ಅಮ್ಮಣ್ಣಿ, ಇದನ್ನ ಇವತ್ತು ಗುಡಿಸ್ಬೇಡ" ಎಂದು ಹೇಳಿ ಒಳಗೆ ಹೋದರು. ನಾನು ಅದರ ಸುತ್ತ ಮಾತ್ರ ಕಸ ಗುಡಿಸಿ, ಸುತ್ತ ಮಾತ್ರ ನೀರು ಚಿಮುಕಿಸಿದೆ.

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲವೆಂದು ಗೊತ್ತಿದ್ದ ಪಕ್ಕದ ಮನೆಯ ಅಕ್ಕ ಆತುರಾತುರವಾಗಿ ಬಟ್ಟಲು ಹಿಡಿದು ಬಂದಳು. ಅಂಗಳ ನೋಡಿ ಅಲ್ಲೇ ನಿಂತಳು.

"ಏಮ್ಮಾ, ಮಾವಯ್ಯ ಚೌಕಾಬಾರ ಆಡಿದ್ರಾ ಇವತ್ತು?"

ನಾನು ಬಟ್ಟಲಿಗೆ ಹೆಪ್ಪು ಹಾಕುತ್ತಾ ನಡೆದದ್ದನ್ನು ಹೇಳಿದೆ. ಬಾವಿ ಕಡೆಯ ಪಾಲು ಯಾರಿಗೆ, ತೋಪು ಹೇಗೆ ಒಂದಾಗೇ ಉಳಿಯುತ್ತದೆ, ಆ ಹೊಸ ಬಿಳಿ ಬೀಜ ಯಾರ ಮರ, ಎಲ್ಲ. ಅವಳು ಅರ್ಧ ಕೇಳಿಸಿಕೊಂಡಳು, ಅರ್ಧ ಅವಳ ಗಮನ ಮನೆಯ ಒಲೆಯ ಮೇಲಿತ್ತು. ಬಟ್ಟಲಿನ ಮೇಲೆ ಸೆರಗು ಮುಚ್ಚಿಕೊಂಡು ಹೊರಟವಳು ಗೇಟಿನ ಹತ್ತಿರ ತಿರುಗಿ, ಆ ಬೀಜದ ಕಡೆ ಗದ್ದ ತೋರಿಸಿ ಅಂದಳು:

"ಸದ್ಯ, ಆ ಮರದ ಬುಟ್ಟಿ ಬಸ್ಸು ಹತ್ತಲ್ಲ, ನಾನು ಬಾಯಿ ಹೊಲಿಯಂಗಿಲ್ಲ ಬಿಡು."